ಬಜೆಟ್ಟಿಗೆ ಗಂಟು ಹಾಕಿದ ಬೋರಣ್ಣ

ಸಿರಾ ಸೀಮೆಯ ತಾವರೆಕೆರೆ ಪಕ್ಕದ ಹಟ್ಟಿಯಲ್ಲಿ ಕಂಬಳಿ ನೇಯುತ್ತಿದ್ದ ಬೋರಣ್ಣನ ಮುತ್ತಾತ ಕರಿಬೋರಯ್ಯ, ಅಮಲ್ದಾರರ ಎದುರು ತನ್ನ ಕಂಬಳಿಯ ನಾಲ್ಕು ಮೂಲೆ ಹಿಡಿಸಿ ಒಂದು ಕೊಡ ನೀರು ಸುರಿಸಿ, ತೊಟ್ಟೂ ಸೋರದಂತೆ ನಿಲ್ಲಿಸಿದವನು. ತಾತ ದಾಸಪ್ಪ, ಚೌಕಾಸಿ ಮಾಡಿದವರಿಗೆ ಮಾರುವುದಿಲ್ಲವೆಂದು ಮಧುಗಿರಿ ಸಂತೆಯಿಂದ ಒಂದೇ ಕಂಬಳಿಯನ್ನು ಹನ್ನೊಂದು ಸಲ ವಾಪಸ್ಸು ಹೊತ್ತು ತಂದವನು. ಅಪ್ಪ ಸಣ್ಣಬೋರಯ್ಯ, ಲೋಕದಲ್ಲೆಲ್ಲ ವ್ಯಾಪಾರ ಕುಸಿದಿದ್ದ ಮೂವತ್ತರ ದಶಕದಲ್ಲಿ ಕಾಸಿಲ್ಲದವರಿಗೆ ಕಂಬಳಿ ಕೊಟ್ಟು, ಬದಲಿಗೆ ಕುರಿಮರಿ ತಂದು ರೊಪ್ಪ ತುಂಬಿಸಿದವನು. ಇಂಥ ವಂಶದಲ್ಲಿ ಹುಟ್ಟಿದ ಮೇಲೆ ಬೋರಣ್ಣನೂ ಏನಾದರೊಂದು ಮಾಡಬೇಕಲ್ಲ? ಅವನು ಬಜೆಟ್ಟು ಹಿಡಿದುಕೊಂಡ.

ಅಕ್ಷರ ಬಾರದು. ಆದರೂ ಪ್ರತಿ ಮಾರ್ಚಿಯಲ್ಲಿ ಪಂಚಾಯ್ತಿ ರೇಡಿಯೋ ಮುಂದೆ ಕೂತು, ಸರ್ಕಾರ ಒಂದೊಂದು ಬಾಬತ್ತು ಹೇಳಿದಂತೆಲ್ಲ ದಾರಕ್ಕೆ ಒಂದೊಂದು ಗಂಟು ಹಾಕುತ್ತಿದ್ದ. ತೆರಿಗೆ ಏರಿದರೆ ಕರಿ ಉಣ್ಣೆ, ಸವಲತ್ತು ಸಿಕ್ಕರೆ ಬಿಳಿ ಉಣ್ಣೆ. ಬಾಬತ್ತಿನ ಹೆಸರು ರೇಡಿಯೋ ಹೇಳಿದ ಸಾಲಿನಲ್ಲೇ ಬಾಯಿಪಾಠ, ಬಣ್ಣ ಮಾತ್ರ ದಾರದಲ್ಲಿ. ನೂಲುವವನ ಕೈ ಸುಮ್ಮನಿರುತ್ತದೆಯೇ, ಗಂಟು ಬಿದ್ದಂತೆಲ್ಲ ದಾರವನ್ನು ಕದಿರುಕಡ್ಡಿಗೆ ಸುತ್ತಿಕೊಳ್ಳುತ್ತಿತ್ತು. ಮರುದಿನ ಹಟ್ಟಿಯ ಜನರೆದುರು ಅದನ್ನು ಬಿಚ್ಚುತ್ತಾ ಬಜೆಟ್ಟು ಹೇಳುತ್ತಿದ್ದ.

ಅವನು ಗಂಟು ಹಾಕತೊಡಗಿದ್ದು ಎಪ್ಪತ್ತಮೂರರಲ್ಲಿ; ಅಲ್ಲಿಂದ ಮೂರು ವರ್ಷ ವ್ಯಾಪಾರ ನೆಲಕಚ್ಚಿತ್ತು. ಬಜೆಟ್ಟಿನಲ್ಲಿ ಬರೀ ತೆರಿಗೆ, ದಾರವೆಲ್ಲ ಕರಿ. ಬೋರಣ್ಣ ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಜನ ಅವನನ್ನು ಹಣಕಾಸು ಮಂತ್ರಿ ಎಂದು ಕರೆದರು. ಆ ಹೆಸರು ಅವನಿಗೆ ಕುರಿಮಂದೆಗಿಂತ ದೊಡ್ಡ ಆಸ್ತಿಯಾಯಿತು.

ಮುಂದಿನ ಮಾರ್ಚಿಯಲ್ಲಿ ರೇಡಿಯೋ, ವ್ಯಾಪಾರ ಚೇತರಿಸಿಕೊಳ್ಳುತ್ತಿದೆ ಎಂದಿತು. ಮೊದಲ ಸಲ ದಾರಕ್ಕೆ ಬಿಳಿ ಬಿತ್ತು. ಮರುದಿನ ಬೋರಣ್ಣ ಗಂಟಲು ಸರಿಮಾಡಿಕೊಂಡು ಬಿಚ್ಚಿದ.

"ಬೀಡಿ, ಬಿಳಿ! ಅಗ್ಗ ಕಣ್ರಲಾ, ಸೇದ್ರಿ. ಸೋಪು, ಬಿಳಿ. ಸೀಮೆಣ್ಣೆ, ಕರಿ. ಕಂಬಳಿ ಮಗ್ಗ..." ದನಿ ಇಳಿಯಿತು. "ಕರಿ. ಮಗ್ಗಕ್ಕೂ ತೆರಿಗೆ ಹಾಕ್ಬುಟ್ರು."

"ನಿನ್ ಮುರುಕಲು ಮಗ್ಗದ್ ಮ್ಯಾಲೂ ಸರ್ಕಾರ ಕಣ್ ಹಾಕ್ತಾ?" ಎಂದಳು ಹೆಂಡತಿ ಕ್ಯಾತಮ್ಮ.

ಬೋರಣ್ಣ ತನ್ನ ಮಗ್ಗ ಬಿಚ್ಚಿ ಹುಲ್ಲಿನ ಮೆದೆಯಲ್ಲಿ ಬಚ್ಚಿಟ್ಟ. ಅವನ ಮಾತೆಂದರೆ ದೇವರ ಮಾತೆಂದು ನಂಬಿದ್ದ ಪಕ್ಕದ ಮನೆಯ ನೇಕಾರ ದೊಡ್ಡರಂಗಪ್ಪ, ತನ್ನ ಮಗ್ಗವನ್ನು ಸೀಳಿ ಒಲೆಗಿಟ್ಟ. ಅಂಗಡಿ ಬೈಲಪ್ಪ ಬೀಡಿ ಬೆಲೆ ಏರಿಸಿದಾಗ ಹಟ್ಟಿಯವರೆಲ್ಲ ಅವನನ್ನೇ ಕಳ್ಳನೆಂದು ಬೈದು ಬಂದರು.

ತಿಂಗಳಾದ ಮೇಲೆ ತಾಲ್ಲೂಕು ಕಚೇರಿಯ ಚಿಕ್ಕನರಸಯ್ಯ ಸೈಕಲ್ಲಿನಲ್ಲಿ ಬಂದ.

"ಮಗ್ಗ ಎಲ್ಲಿ?"

"ಮಗ್ಗಾನಾ? ನಾವು ಅದ್ನ ಕಂಡೋರೇ ಅಲ್ಲ ಸ್ವಾಮಿ," ಎಂದ ಬೋರಣ್ಣ. ಮೀಸೆಯಲ್ಲಿ ಉಣ್ಣೆಯ ಎಳೆ ನೇತಾಡುತ್ತಿತ್ತು.

"ಹಾಗಾದರೆ ಬಿಡು. ಮಗ್ಗ ಇರೋ ಒಬ್ಬೊಬ್ಬರಿಗೂ ಮುನ್ನೂರು ರೂಪಾಯಿ ಸಹಾಯ ಅಂತ ಬಜೆಟ್ಟಲ್ಲಿ ಬಂದಿತ್ತು. ಬೀಡಿ ಮೇಲೆ ತೆರಿಗೆ ಹಾಕಿ ನಿಮಗೆ ಕೊಡ್ತಿದಾರೆ."

ಕ್ಯಾತಮ್ಮ ಒಳಗೆ ಹೋಗಿ ಕದಿರುಕಡ್ಡಿಯನ್ನೂ ಗಂಟಿನ ದಾರವನ್ನೂ ತಂದಳು. ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆಮೇಲೆ ನಗು ತಡೆಯಲಾರದೆ ಜಗಲಿಯ ಕಂಬ ಹಿಡಿದುಕೊಂಡಳು.

"ಅಯ್ಯೋ ಮಂತ್ರಿ! ಕಡ್ಡಿಗೆ ಕೊನೇಲ್ ಸುತ್ತಿದ್ದು ಮೊದ್ಲು ಬಿಚ್ಕತೈತೆ ಕಣಯ್ಯಾ. ನೀನು ಹೆಸ್ರು ತಲೆ ಕಡೆಯಿಂದ, ಬಣ್ಣ ಬಾಲದ ಕಡೆಯಿಂದ ಓದಿದೀಯ! ಇಷ್ಟು ವರ್ಸ ಎಲ್ಲಾ ಕರಿ ಇತ್ತು, ಅದ್ಕೇ ಬಚಾವಾದೆ."

ಹಟ್ಟಿಯೆಲ್ಲ ನಕ್ಕಿತು. ನಗದವನು ದೊಡ್ಡರಂಗಪ್ಪನೊಬ್ಬ. "ಅಲ್ಲ ಬೋರಣ್ಣ, ನನ್ ಮಗ್ಗ ಬೂದಿ ಆಯ್ತಲ್ಲ," ಎಂದ, ಅಷ್ಟೇ.

ಬೈದಿದ್ದರೆ ಬೋರಣ್ಣ ತಡೆದುಕೊಳ್ಳುತ್ತಿದ್ದ. ಅವನು ಮೆದೆ ಕೆದಕಿ ಮಗ್ಗದ ಮರಗಳನ್ನು ಎಳೆದ. ಮೈತುಂಬ ಹುಲ್ಲು ಮೆತ್ತಿಕೊಂಡೇ ಒಂದೊಂದಾಗಿ ಹೊತ್ತು ರಂಗಪ್ಪನ ಅಂಗಳಕ್ಕೆ ಇಳಿಸಿದ.

"ಬರ್ಕಳಿ ಸ್ವಾಮಿ, ಈ ಮಗ್ಗ ರಂಗಪ್ಪುಂದು."

ಚಿಕ್ಕನರಸಯ್ಯನ ಮನಸ್ಸು ಕರಗಿತು. "ನೀನೂ ನೇಕಾರನೇ ಅಲ್ವೇನಯ್ಯ? ನಿನ್ನ ಹೆಸರೂ ಬರೀತೀನಿ. ಇನ್ನೊಂದು ಮಗ್ಗ ಇದೆ ಅಂದರೆ ಮುಗೀತು, ಯಾರು ಬಂದು ನೋಡ್ತಾರೆ?"

ಕ್ಯಾತಮ್ಮ ಹೂಂ ಅನ್ನು ಎಂದು ಕಣ್ಣಲ್ಲೇ ತಿವಿದಳು. ಬೋರಣ್ಣ ತಲೆಯ ಹುಲ್ಲು ಕೊಡವಿಕೊಂಡ.

"ಬ್ಯಾಡಿ ಸ್ವಾಮಿ. ಕಾಡಲ್ಲಿ ಜಾಲಿಮರ ಐತೆ, ಇನ್ನೊಂದು ಮಗ್ಗ ಕೆತ್ಕತೀನಿ. ಬಜೆಟ್ಟು ತಪ್ಪು ಓದ್ದೋನಿಗೂ ಸರ್ಕಾರ ದುಡ್ಡು ಕೊಟ್ರೆ, ಮುಂದಿನ್ ವರ್ಸ ಹಟ್ಟಿಯೋರೆಲ್ಲ ತಪ್ಪೇ ಓದ್ತಾರೆ."