ಅಕ್ಕಯ್ಯ ನೀಲಿ ಬಳಿದ ದೇಶಗಳು

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಯಾರೋ ಪ್ಲಾಸ್ಟಿಕ್ಕಿನ ಭೂಗೋಳ ಒಂದನ್ನು ಕೊಟ್ಟರು. ಪೆಟ್ಟಿಗೆ ಬಿಚ್ಚಿದ್ದೇ ತಡ, ಹೊಸ ಬಣ್ಣದ ವಾಸನೆ ಗೌರಿಬಿದನೂರಿನ ನಮ್ಮ ಪುಟ್ಟ ಹಜಾರವನ್ನೆಲ್ಲ ತುಂಬಿತು. ಎಲ್ಲರೂ ಎಷ್ಟು ಚೆನ್ನಾಗಿದೆ ಎಂದರು. ನಾನು ಮುಖ ಆ ಕಡೆ ತಿರುಗಿಸಿದೆ. ಆ ನೀಲಿ... ಭೂಪಟದ ಮೇಲೆ ಆ ನೀಲಿಯನ್ನು ಕಂಡಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ. ಒಳ್ಳೆಯ ನೆನಪಲ್ಲ. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಅನ್ನುತ್ತಾರೆ. ಆಡದೆ ಇಟ್ಟುಕೊಂಡು ಇಟ್ಟುಕೊಂಡು ನನಗೇ ಅಜೀರ್ಣವಾಗಿದೆ, ಇವತ್ತು ಆಡಿಬಿಡುತ್ತೇನೆ.

ಆಕೆ ಶಿಡ್ಲಘಟ್ಟದಲ್ಲಿ ನಾನು ಓದಿದ ಹೈಸ್ಕೂಲಿನ ಟೀಚರ್. ಭೂಗೋಳ ಕಲಿಸುತ್ತಿದ್ದಳು. ಎಂಬತ್ತರ ದಶಕದ ಮಾತು. ವಾರವೆಲ್ಲ ಟೀಚರ್, ಭಾನುವಾರ ಮಾತ್ರ ಅಕ್ಕಯ್ಯ. ಆಕೆಯ ಮನೆಯಲ್ಲಿ ಪ್ರತಿ ಭಾನುವಾರ ಒಂದು ಭಜನೆಯ ಬಳಗ ಸೇರುತ್ತಿತ್ತು. ಆ ಬಳಗಕ್ಕೆ ಆಕೆಯೇ ಗುರು, ಆಕೆ ಹೇಳಿದ್ದೇ ವೇದ. ಶಾಲೆಯಲ್ಲಿ ಅಪ್ಪಿತಪ್ಪಿಯೂ ಅಕ್ಕಯ್ಯ ಅನ್ನಕೂಡದು ಎಂದು ಬಳಗದ ಮಕ್ಕಳಿಗೆಲ್ಲ ಕಟ್ಟಪ್ಪಣೆ ಇತ್ತು. ವಯಸ್ಸಿನಲ್ಲಿ ದೊಡ್ಡವಳು, ಪಾಠ ಹೇಳಿದವಳು, ಬಹುವಚನ ಹಾಕಿ ಬರೆಯಬೇಕು ನಿಜ. ನನಗೆ ಕೈ ಬರುವುದಿಲ್ಲ.

ಬಳಗದ ನಂಬಿಕೆ ಇಷ್ಟೇ. ಸದ್ಯದಲ್ಲೇ ಪ್ರಳಯವಾಗುತ್ತದೆ. ಸಮುದ್ರಗಳು ಉಕ್ಕಿ ಬಂದು ಲೋಕವನ್ನು ಮುಚ್ಚುತ್ತವೆ. ಎತ್ತರದ ನಾಡುಗಳು ಮಾತ್ರ ಉಳಿಯುತ್ತವೆ. ನಂದಿಬೆಟ್ಟದ ಆಸುಪಾಸಿನವರಾದ ನಾವು ಉಳಿಯುವವರ ಸಾಲಿನಲ್ಲಿದ್ದೆವು. ಈಗ ನೆನೆದರೆ ಉರಿಯ ನಡುವೆಯೂ ನಗು ಬರುತ್ತದೆ. ಬಾವಿಗಳೆಲ್ಲ ತಳ ಕಂಡ ಊರು ನಮ್ಮದು. ಬೋರ್‌ವೆಲ್ ಕೊರೆದರೆ ಧೂಳು ಹಾರುತ್ತಿತ್ತು. ಬೀದಿ ನಲ್ಲಿಯಲ್ಲಿ ನೀರು ಬಂತೆಂದರೆ ಹೆಂಗಸರು ಜಡೆ ಹಿಡಿದು ಜಗಳಾಡುತ್ತಿದ್ದರು. ಅಂಥ ಊರಿನಲ್ಲಿ ಕೂತು ನಾವು ನೀರಿಗೆ ಹೆದರುತ್ತಿದ್ದೆವು.

ಅಮ್ಮ ಬಳಗಕ್ಕೆ ಸೇರಿದ್ದು ನನ್ನ ತಮ್ಮ ಹೋದ ಮೇಲೆ. ಜ್ವರ ಅಂತ ಮಲಗಿದ ಮಗು ಏಳಲಿಲ್ಲ. ನೀರು, ನೀರು ಅಂತ ಕೇಳುತ್ತಲೇ ಇದ್ದನಂತೆ. ಜ್ವರದಲ್ಲಿ ತಣ್ಣೀರು ಕೊಡಬಾರದು ಅಂತ ಯಾರೋ ಹೇಳಿದ್ದನ್ನು ನಂಬಿ ಅಮ್ಮ ಕೊಟ್ಟಿರಲಿಲ್ಲ. ಆಮೇಲೆ ಅಮ್ಮ ನೀರಿನ ಕೊಡದ ಹತ್ತಿರ ಕೂತರೆ ಕೂತೇ ಇರುತ್ತಿದ್ದಳು, ನೀರು ಬಗ್ಗಿಸುವುದೇ ಮರೆತುಹೋಗುತ್ತಿತ್ತು. ಅಕ್ಕಯ್ಯ ದಿನಾ ಸಂಜೆ ಬಂದು ಅಮ್ಮನ ಪಕ್ಕ ಕೂತಳು. ಅದನ್ನು ಇಲ್ಲ ಅನ್ನುವುದಿಲ್ಲ. ನೆಂಟರು ಯಾರೂ ಅಷ್ಟು ಹೊತ್ತು ಕೂರಲಿಲ್ಲ. ಬಳಗದಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ನೀರು ಸತ್ತವರಿಗೂ ತಲುಪುತ್ತದೆ ಅಂತ ಆಕೆ ಹೇಳಿದಳು. ಅಮ್ಮ ಅಂದೇ ಸೇರಿದಳು, ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋದಳು.

ಅದಕ್ಕೆ ಕೈನೀರು ಅನ್ನುತ್ತಿದ್ದರು. ಬಳಗಕ್ಕೆ ಸೇರಿದವರೆಲ್ಲ ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ಲೋಟ ಕೊಂಡು ಅದರ ಮೇಲೆ ತಮ್ಮ ಹೆಸರು ಕೊರೆಸಬೇಕು. ಭಜನೆ ಮುಗಿದ ಮೇಲೆ ಒಬ್ಬರ ಲೋಟಕ್ಕೆ ಇನ್ನೊಬ್ಬರು ನೀರು ತುಂಬಿ ಕೈಗೆ ಕೊಡಬೇಕು. ಮನೆಯಲ್ಲೂ ಅದೇ ಲೋಟ, ಅದೇ ಕ್ರಮ. ಅಮ್ಮ ನನ್ನ ಲೋಟಕ್ಕೆ ನೀರು ತುಂಬಿ ಕೊಡುವಾಗ ಅವಳ ಮುಖದಲ್ಲಿ ಒಂದು ನೆಮ್ಮದಿ ಕಾಣುತ್ತಿತ್ತು. ತಮ್ಮ ಎಲ್ಲೋ ಕುಡಿಯುತ್ತಿದ್ದಾನೆ ಅನ್ನುವ ನೆಮ್ಮದಿ. ಅಪ್ಪ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಅವರು ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸದವರು. "ದಿನವೆಲ್ಲ ಬಿಸಿನೀರಲ್ಲಿ ಕೈ ಅದ್ದಿರ್ತೀನಿ, ನನಗಿನ್ಯಾವ ಪ್ರಳಯಾನಮ್ಮ" ಅನ್ನುತ್ತಿದ್ದರು.

ಭಾನುವಾರ ಮಕ್ಕಳಿಗೆ ಬೇರೆ ಪರೀಕ್ಷೆ. ಅಕ್ಕಯ್ಯ ನೆಲದ ಮೇಲೆ ಪ್ರಪಂಚದ ದೊಡ್ಡ ಮ್ಯಾಪು ಹಾಸುತ್ತಿದ್ದಳು. ಹಿಂದುಗಡೆ ಬಟ್ಟೆ ಅಂಟಿಸಿದ್ದು. ಮುಳುಗುವ ದೇಶಗಳ ಮೇಲೆಲ್ಲ ಹತ್ತಿಯನ್ನು ಇಂಕಿನಲ್ಲಿ ಅದ್ದಿ ನೀಲಿ ಬಳಿದಿದ್ದಳು. ದ್ವೀಪ ಅನ್ನುವುದು ಒಂದೂ ಉಳಿದಿರಲಿಲ್ಲ. ಆಕೆ ಕೋಲಿನಿಂದ ಒಂದು ಕಡೆ ಮುಟ್ಟಿ, "ಯಾವ್ದು? ಮುಳುಗೋದಾ, ನಿಲ್ಲೋದಾ?" ಅನ್ನುತ್ತಿದ್ದಳು. ಟಿಬೆಟ್, ನಿಲ್ಲೋದು. ಬೊಲಿವಿಯಾ, ನಿಲ್ಲೋದು. ಇಥಿಯೋಪಿಯಾ, ನಿಲ್ಲೋದು. ಗೌರಿಬಿದನೂರು ಎಲ್ಲಿದೆ ಅಂತ ಸರಿಯಾಗಿ ಗೊತ್ತಿಲ್ಲದ ನಾನು ಬೊಲಿವಿಯಾವನ್ನು ಕಣ್ಣು ಮುಚ್ಚಿ ತೋರಿಸುತ್ತಿದ್ದೆ. ಒಮ್ಮೆ ನೀಲಿಯ ಕೆಳಗೆ ಏನಿತ್ತು ಅಂತ ಕೇಳಿದೆ. "ಮುಳುಗೋ ಊರಿನ ಹೆಸರು ಕಲ್ತು ಏನು ಉಪ್ಪಿನಕಾಯಿ ಹಾಕ್ತೀಯೇನೇ" ಎಂದಳು. ಎಲ್ಲರಿಗಿಂತ ಚೆನ್ನಾಗಿ ನಾನೇ ಉತ್ತರ ಹೇಳುತ್ತಿದ್ದೆ. ಆಕೆ ತಲೆ ಸವರಿದರೆ ನನಗೆ ವಾರವೆಲ್ಲ ಊಟ ಬೇಡ.

ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಬಂತು. ಮುಂದಿನ ಯುಗಾದಿಗೆ ಮುಂಚೆ ಪ್ರಳಯ ಅಂತ ಆಗಲೇ ಬಳಗದಲ್ಲಿ ಹೇಳಿಯಾಗಿತ್ತು. ಯಾರು ಎಲ್ಲಿ ಕೇಳಿದರೂ ನಿಜ ಹೇಳಬೇಕು, ಹೆದರಿ ಸುಳ್ಳು ಹೇಳಿದವರು ನೀರು ಪಾಲು ಅಂತಲೂ ಹೇಳಿದ್ದಳು. ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಪ್ರಪಂಚದ ಖಾಲಿ ಮ್ಯಾಪು. ಗುರುತಿಸಿ: ಜಪಾನ್, ಇಂಗ್ಲೆಂಡ್, ಶ್ರೀಲಂಕಾ, ನ್ಯೂಜಿಲೆಂಡ್. ಪತ್ರಿಕೆ ತೆಗೆದವಳು ಅಕ್ಕಯ್ಯನೇ. ನನಗೆ ಥಟ್ಟನೆ ಹೊಳೆಯಿತು, ಇದು ಬಳಗದ ಮಕ್ಕಳಿಗೇ ಅಂತ ಬೇಕಂತಲೇ ಇಟ್ಟ ಪರೀಕ್ಷೆ. ಎಲ್ಲವೂ ನೀಲಿಯವೇ. ಎದುರಿಗೆ ನಿಜ ಹೇಳುತ್ತಾರೋ ಇಲ್ಲವೋ ಅಂತ ನೋಡುತ್ತಿದ್ದಾಳೆ. ಕಂಪಾಸ್ ಬಾಕ್ಸಿನಿಂದ ನೀಲಿ ಪೆನ್ಸಿಲ್ ತೆಗೆದು, ಪಾಠದ ಪುಸ್ತಕದಲ್ಲಿ ನೋಡಿದ್ದ ಅಂದಾಜಿನ ಮೇಲೆ, ಆ ದ್ವೀಪಗಳ ಮೇಲೆಲ್ಲ ಗಟ್ಟಿಯಾಗಿ ಬಳಿದೆ. ಕೆಳಗೆ ದುಂಡಗೆ ಬರೆದೆ: ಇವು ನೀರಿನೊಳಗೆ ಹೋಗುತ್ತವೆ. ಬರೆದು ಎದ್ದಾಗ ನನಗಾದ ಹೆಮ್ಮೆ ಆಮೇಲೆ ಯಾವತ್ತೂ ಆಗಲಿಲ್ಲ.

ಉತ್ತರಪತ್ರಿಕೆ ಕೊಡುವ ದಿನ ಆಕೆ ನನ್ನದನ್ನು ಎತ್ತಿ ಇಡೀ ಕ್ಲಾಸಿಗೆ ತೋರಿಸಿದಳು. "ಇಲ್ಲೊಬ್ಬಳು ಮಹರಾಯ್ತಿ ಜಪಾನ್‌ನೇ ಮುಳುಗಿಸಿಬಿಟ್ಟಿದಾಳೆ ನೋಡ್ರೇ." ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಎದ್ದು ನಿಂತೆ. ಬಾಯಿ ತಪ್ಪಿ, "ಅಕ್ಕಯ್ಯ, ನೀವೇ ಹೇಳಿದ್ರಲ್ಲ" ಅಂದುಬಿಟ್ಟೆ.

"ಯಾವ ಅಕ್ಕಯ್ಯ? ಯಾರೇ ಹೇಳಿದ್ದು ನಿಂಗೆ? ಇಂಥ ಮೂಢನಂಬಿಕೆನೆಲ್ಲ ಮನೇಲಿ ಬಿಟ್ಟು ಬಾ."

ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ರೆಪ್ಪೆ ಕೂಡ ಬಡಿಯಲಿಲ್ಲ. ಬಳಗದ ಇನ್ನಿಬ್ಬರು ಹುಡುಗಿಯರು ಅದೇ ಕ್ಲಾಸಿನಲ್ಲಿದ್ದರು, ತಲೆ ಬಗ್ಗಿಸಿ ಡೆಸ್ಕು ಕೆರೆಯುತ್ತಿದ್ದರು. ಅವರು ಜಪಾನನ್ನು ಜಪಾನಿನ ಜಾಗದಲ್ಲೇ ಗುರುತಿಸಿದ್ದರು, ಬುದ್ಧಿವಂತರು. ನಂಬಿದವಳು ನಾನೊಬ್ಬಳೇ.

ಆ ಭಾನುವಾರ ನಾನು ಭಜನೆಗೆ ಹೋಗಲಿಲ್ಲ. ಮರುದಿನ ಸಂಜೆ ಆಕೆಯೇ ಮನೆಗೆ ಬಂದಳು. ಬಳಗದ ಎದುರಿಗೆ ತಪ್ಪಾಯಿತು ಅನ್ನು ಅಂದಳು. ಏನು ತಪ್ಪು ಅಂತ ನನಗೆ ತಿಳಿಯಲಿಲ್ಲ. "ಕ್ಲಾಸಲ್ಲಿ ಹೇಳಿದ್ದು ನಿಜಾನಾ, ಭಾನುವಾರ ಹೇಳೋದು ನಿಜಾನಾ? ಒಂದು ಹೇಳಿ, ಬರ್ತೀನಿ" ಅಂದೆ. ಆಕೆ ಎದ್ದಳು. ಒಳಗೆ ಹೋಗಿ ಪಾತ್ರೆ ಸ್ಟ್ಯಾಂಡಿನಲ್ಲಿದ್ದ ನನ್ನ ಹೆಸರಿನ ಲೋಟ ತೆಗೆದು, ಅಲ್ಲೇ ಬೋರಲು ಹಾಕಿದಳು. ಆಮೇಲೆ ಅಮ್ಮನಿಗೆ ಹೇಳಿದಳು, "ಇವಳಿಗೆ ಇನ್ಮೇಲೆ ಕೈನೀರಿಲ್ಲ. ಕೊಡಬೇಡ, ಇವಳ ಕೈಯಿಂದ ತಗೋಬೇಡ. ಕೊಟ್ಟೆಯೋ, ಅಲ್ಲಿ ನಿನ್ನ ಮಗನಿಗೆ ನೀರು ನಿಲ್ಲುತ್ತೆ."

ಊರಿನಲ್ಲಿ ಯಾರಿಗೆ ಬೇಕಾದರೂ ಅಮ್ಮ ನೀರು ಕೊಡಬಹುದಿತ್ತು. ಬಳಗಕ್ಕೆ ಸೇರದ ಅಪ್ಪನಿಗೆ ಕೊಡಬಹುದು, ಪಕ್ಕದ ಮನೆಯ ಸಾಬರಿಗೆ ಕೊಡಬಹುದು, ದಾರಿಹೋಕರಿಗೆ ಕೊಡಬಹುದು. ಸೇರದವರು ತಿಳಿಯದವರಂತೆ. ಸೇರಿ ಬಿಟ್ಟವರು ಮಾತ್ರ ಪಾಪಿಗಳಂತೆ. ಅಮ್ಮನನ್ನು ಎಲ್ಲಿ ಹಿಡಿದರೆ ನೋಯುತ್ತದೆ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು, ಅಲ್ಲೇ ಹಿಡಿದಳು. ಅಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ ತಟ್ಟೆ ಇಟ್ಟು ಗೋಡೆ ಕಡೆ ತಿರುಗಿದಳು. ಅಪ್ಪ ಎದ್ದು ಹೋಗಿ ತಮ್ಮ ಲೋಟದಲ್ಲಿ ನೀರು ತಂದು ಕೊಟ್ಟರು. "ಪೋನೀಲೇ ತಲ್ಲೀ, ನಾನಿದೀನಲ್ಲ" ಅಂದರು. ಹೋಗಲಿ ಬಿಡು ತಾಯಿ ಅಂತ. ನಮ್ಮ ಕಡೆ ಅಕ್ಕರೆ ಹೆಚ್ಚಾದರೆ ತೆಲುಗು ಬಂದುಬಿಡುತ್ತದೆ.

ಯುಗಾದಿ ಬಂತು. ಬೇವುಬೆಲ್ಲ ತಿಂದೆವು. ಮಳೆಯ ಹನಿಯೂ ಬೀಳಲಿಲ್ಲ. ನಮ್ಮ ಭಜನೆಯಿಂದ ಪ್ರಳಯ ಮುಂದಕ್ಕೆ ಹೋಯಿತು ಅಂತ ಆಕೆ ಹೇಳಿದಳಂತೆ. ನನ್ನ ಲೋಟ ಮಾತ್ರ ಬೋರಲಾಗಿಯೇ ಇತ್ತು.

ಮದುವೆಯಲ್ಲಿ ಧಾರೆ ಎರೆಯಬೇಕಲ್ಲ, ಆಗ ಅಮ್ಮ ಮುಂದೆ ಬರಲಿಲ್ಲ. ಅದೂ ನೀರು ತಾನೆ. ಪುರೋಹಿತರು ತಾಯಿ ಎಲ್ಲಿ, ತಾಯಿ ಎಲ್ಲಿ ಅಂತ ಕೂಗಿದರು. ಅಮ್ಮ ಚಪ್ಪರದ ಕಂಬ ತಬ್ಬಿಕೊಂಡು ಅಳುತ್ತಾ ನಿಂತಿದ್ದಳು. ಕೊನೆಗೆ ಚಿಕ್ಕಮ್ಮ ಬಂದು ಧಾರೆ ಎರೆದಳು. ಗಂಡಿನ ಕಡೆಯವರು ಏನೇನೋ ಆಡಿಕೊಂಡರು. ಮುಂದಿನ ಸಾಲಿನ ಕುರ್ಚಿಯಲ್ಲಿ ಅಕ್ಕಯ್ಯ ಜರಿ ಸೀರೆ ಉಟ್ಟು ಕೂತು ಎಲ್ಲವನ್ನೂ ನೋಡುತ್ತಿದ್ದಳು. ಹೂಂ ಅಂತ ಒಂದು ಸನ್ನೆ ಮಾಡಿದ್ದರೆ ಸಾಕಿತ್ತು...

ಆಮೇಲೆ ನಾನು ಆಕೆಯನ್ನು ಕಂಡದ್ದು ತೊಂಬತ್ತರ ದಶಕದ ನಡುವೆ, ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ. ಬಿರುಬಿಸಿಲು. ರಿಟೈರ್ ಆಗಿ ಆ ಊರಿನಲ್ಲೇ ತನ್ನ ತಮ್ಮನ ಮಗಳ ಮನೆಯಲ್ಲಿ ಇದ್ದಳು. ನನ್ನನ್ನು ಗುರುತು ಹಿಡಿದು, ಏನೂ ಆಗದವಳ ಹಾಗೆ ಪಕ್ಕಕ್ಕೆ ಕರೆದು ಕೂರಿಸಿಕೊಂಡಳು. ಬೇಯಿಸಿದ ಕಡಲೇಕಾಯಿ ಕೊಟ್ಟಳು. ಆಮೇಲೆ ಚೀಲದಿಂದ ಬಾಟಲಿ ತೆಗೆದು, "ಬಿಸ್ಲು, ನೀರು ಕುಡಿಯೇ" ಅಂತ ನನ್ನ ಕೈಗೆ ಕೊಟ್ಟಳು.

"ನಂಗೆ ನೀರು ಕೊಡ್ತಿದೀರಲ್ಲ" ಅಂದೆ.

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅಯ್ಯೋ, ಅದಾ? ಅದೆಲ್ಲ ಬಿಟ್ಟು ಎಷ್ಟೋ ಕಾಲ ಆಯ್ತು ಕಣೇ. ಮಂಡಿ ನೋವು ಶುರುವಾದ್ಮೇಲೆ ಕೆಳಗೆ ಕೂತು ಭಜನೆ ಮಾಡಕ್ಕೇ ಆಗ್ತಿರ್ಲಿಲ್ಲ. ಬಳಗ ಗಿಳಗ ಎಲ್ಲಾ ತಾನಾಗೇ ನಿಂತೋಯ್ತು."

ಮಂಡಿ ನೋವು. ನನ್ನ ಮದುವೆಯಲ್ಲಿ ನಮ್ಮಮ್ಮ ಕಂಬ ತಬ್ಬಿದ್ದಕ್ಕೆ ಕಾರಣವಾದ ಆ ದೇವರು, ಈಕೆಯ ಮಂಡಿ ನೋವಿಗೆ ಎದ್ದು ಹೋದ. ಬಿಟ್ಟದ್ದಕ್ಕಲ್ಲ ನನ್ನ ಸಿಟ್ಟು. ನಾನೂ ಬಿಟ್ಟವಳೇ. ಆದರೆ ನಾನು ಬಿಟ್ಟಾಗ ಬೆಲೆ ಕೊಟ್ಟೆ, ಈಕೆ ಕಡಲೇಕಾಯಿ ಸಿಪ್ಪೆ ಬಿಸಾಕಿದ ಹಾಗೆ ಬಿಟ್ಟಳು. ಬಿಟ್ಟೆ ಅಂತ ಒಬ್ಬರಿಗೂ ಹೇಳಲಿಲ್ಲ.

"ನಮ್ಮಮ್ಮ ಇನ್ನೂ ಬಿಟ್ಟಿಲ್ಲ" ಅಂದೆ. "ನಂಗೆ ಇವತ್ತಿಗೂ ಅವಳ ಕೈಯಿಂದ ಒಂದು ಲೋಟ ನೀರಿಲ್ಲ. ನೀವೊಂದು ಸಲ ಬಂದು ಒಂದು ಮಾತು ಹೇಳಿ. ಕಾಲಿಗೆ ಬೀಳ್ತೀನಿ."

"ಬರ್ತೀನಿ ಕಣೇ. ಮುಂದಿನ ವಾರ ಶಿಡ್ಲಘಟ್ಟಕ್ಕೆ ಹೆಂಗೂ ಬರೋದಿದೆ" ಎಂದಳು. ಬಸ್ಸು ಬಂತು, ಹತ್ತಿ ಹೋದಳು. ಬಾಟಲಿ ನನ್ನ ಕೈಯಲ್ಲೇ ಉಳಿಯಿತು. ಅದನ್ನು ಅಲ್ಲೇ ಚರಂಡಿಗೆ ಸುರಿದೆ.

ಮುಂದಿನ ವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಶಿಡ್ಲಘಟ್ಟ ಏನು ಬೊಲಿವಿಯಾದಲ್ಲಿತ್ತೆ? ಕಾದು ಕಾದು ನಾನೇ ಅಮ್ಮನಿಗೆ ಹೇಳಿದೆ, ಅಕ್ಕಯ್ಯನೇ ಬಿಟ್ಟಿದಾಳಮ್ಮ, ನಂಗೆ ತಾನೇ ಕೈಯಾರೆ ನೀರು ಕೊಟ್ಟಳು ಅಂತ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಹಂಗೆ ಹೇಳಿರ್ತಾರೆ" ಅಂದಳು. "ನಾನು ಗಟ್ಟಿಯಾಗಿದೀನೋ ಇಲ್ವೋ ಅಂತ ನೋಡಕ್ಕೆ. ಅದು ಪರೀಕ್ಷೆ ಕಣೇ."

ಒಂಬತ್ತನೇ ಕ್ಲಾಸಿನ ಆ ಖಾಲಿ ಮ್ಯಾಪಿನ ಮುಂದೆ ನಾನೂ ಹೀಗೇ ಅಂದುಕೊಂಡಿದ್ದೆ. ನನ್ನನ್ನು ಆಕೆ ಕ್ಲಾಸಿನ ಎದುರು ನಗೆಪಾಟಲು ಮಾಡಿದ್ದಕ್ಕೆ ನಾನು ಬಚಾವಾದೆ. ಅಮ್ಮನ ಎದುರು ನಿಂತು ಅಷ್ಟು ಮಾಡುವುದಕ್ಕೂ ಆಕೆಗೆ ಪುರುಸೊತ್ತಾಗಲಿಲ್ಲ.

ಅಮ್ಮ ಹಾಸಿಗೆ ಹಿಡಿದಾಗ ಕೊನೆಯ ದಿನ ನಾನು ಪಕ್ಕದಲ್ಲೇ ಇದ್ದೆ. ತುಟಿ ಒಣಗಿತ್ತು. ತುಳಸಿ ನೀರನ್ನು ಚಮಚದಲ್ಲಿ ಬಾಯಿಗೆ ಹಿಡಿದೆ. ಅಮ್ಮ ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಹಲ್ಲು ಕಚ್ಚಿಕೊಂಡಳು. ನೀರು ಕೆನ್ನೆಯ ಮೇಲೆ ಇಳಿದು ದಿಂಬಿಗೆ ಹೋಯಿತು. ಅಪ್ಪ ನನ್ನ ಕೈಯಿಂದ ಚಮಚ ತೆಗೆದುಕೊಂಡರು. ಅವರ ಕೈಯಿಂದ ಕುಡಿದಳು...

ತಿಥಿ ಮುಗಿದ ಮೇಲೆ ಅಡುಗೆಮನೆಗೆ ಹೋದೆ. ಸ್ಟ್ಯಾಂಡಿನಲ್ಲಿ ನನ್ನ ಲೋಟ ಬೋರಲಾಗಿತ್ತು. ಎತ್ತಿ ನೋಡಿದರೆ ಫಳಫಳ ಅನ್ನುತ್ತಿತ್ತು, ಒಂದು ಕಲೆ ಇಲ್ಲ. ಕೊರೆದ ಹೆಸರು ಉಜ್ಜಿ ಉಜ್ಜಿ ಸವೆದುಹೋಗಿತ್ತು. ಬಾಗಿಲಲ್ಲಿ ನಿಂತಿದ್ದ ಅಪ್ಪ, "ದಿನಾ ಹುಣಸೇಹಣ್ಣು ಹಾಕಿ ತೊಳೀತಿದ್ಲು ಕಣಮ್ಮ. ತೊಳ್ದು ತೊಳ್ದು ಮತ್ತೆ ಬೋರಲು ಹಾಕೋಳು" ಅಂದರು. ಅಷ್ಟು ಆಸೆ ಇಟ್ಟುಕೊಂಡವಳ ಕೈಯನ್ನು ಅಕ್ಕಯ್ಯ ಕಟ್ಟಿಹಾಕಿದಳಲ್ಲ. ಅದನ್ನು ನಾನು ಕ್ಷಮಿಸಲಾರೆ. ಹಲವು ವರ್ಷಗಳ ನಂತರ ಚಿಂತಾಮಣಿಯಿಂದ ಫೋನ್ ಬಂತು, ಟೀಚರ್ ಹೋಗಿಬಿಟ್ಟರು, ಹಳೇ ವಿದ್ಯಾರ್ಥಿಗಳೆಲ್ಲ ಬರ್ತಿದ್ದಾರೆ ಅಂತ. ನಾನು ಹೋಗಲಿಲ್ಲ.

ಮೊಮ್ಮಗಳು ಈಗ ಟೀಚರ್ ಆಟ ಆಡುತ್ತಾಳೆ. ಭೂಗೋಳವನ್ನು ನನ್ನ ಮಡಿಲಿಗೆ ತಳ್ಳಿ, "ಅಜ್ಜಿ, ಜಪಾನ್ ತೋರ್ಸು" ಅಂದಳು. ತೋರಿಸಿದೆ. ಇಂಗ್ಲೆಂಡ್ ಕೇಳಿದಳು, ಶ್ರೀಲಂಕಾ ಕೇಳಿದಳು, ಎಲ್ಲ ತೋರಿಸಿದೆ. ಎಲ್ಲವೂ ಇದ್ದ ಕಡೆಯೇ ಇದ್ದವು, ಸುತ್ತ ನೀಲಿ, ನಡುವೆ ಒಣನೆಲ. "ಫುಲ್ ಮಾರ್ಕ್ಸ್. ಯಾರು ಅಜ್ಜಿ ನಿಂಗೆ ಹೇಳ್ಕೊಟ್ಟಿದ್ದು?" ಅಂದಳು. ಯಾರೂ ಇಲ್ಲ ಕಣಮ್ಮ, ನಾನೇ ಕಲ್ತೆ ಅಂದೆ.

ಒಂದು ದೇಶವೂ ಮುಳುಗಲಿಲ್ಲ, ಅಕ್ಕಯ್ಯ. ನೀನು ಮುಳುಗಿಸಿದ್ದು ನಮ್ಮಮ್ಮನೊಬ್ಬಳನ್ನು.

ಆ ಲೋಟ ಈಗ ನನ್ನ ಅಡುಗೆಮನೆಯಲ್ಲಿದೆ, ನೆಟ್ಟಗೆ. ದಿನಾ ಅದರಲ್ಲೇ ನೀರು ಕುಡಿಯುತ್ತೇನೆ. ತುಂಬಿ ಕೈಗೆ ಕೊಡಬೇಕಾದವಳು ಇಲ್ಲ, ನಾನೇ ಬಗ್ಗಿಸಿಕೊಳ್ಳುತ್ತೇನೆ.