ನನ್ನ ಹೆಸರಿನಲ್ಲಿ ಹೋದವನು

ಮೊನ್ನೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಯಳಂದೂರಿನ ಬಸ್ಸಿಗೆ ಕಾಯುತ್ತಾ ಕಾಫಿ ಕುಡಿಯುತ್ತಿದ್ದೆ. ಮಳೆ ಬಂದು ನಿಂತಿತ್ತು. ಎದುರಿನ ಹಣ್ಣಿನ ಅಂಗಡಿಯವಳು ನೆನೆದ ಟಾರ್ಪಾಲನ್ನು ಎಳೆದು ಕೊಡವಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಫಿ ಲೋಟ ಕೆಳಗಿಟ್ಟುಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಹೆಚ್ಚಿನವರಿಗೆ ಅದು ಅಜ್ಜಿಯ ಸೀರೆಯದೋ ಹೊಸ ಪುಸ್ತಕದ್ದೋ ಆಗಿರುತ್ತದೆ. ನನ್ನ ಪಾಲಿಗೆ ಬಂದದ್ದು ಒದ್ದೆ ಟಾರ್ಪಾಲು.

ಅರವತ್ತರ ದಶಕದ ಮಾತು. ಕೊಳ್ಳೇಗಾಲ ನಮ್ಮ ರಾಜ್ಯಕ್ಕೆ ಸೇರಿ ಕೆಲವು ವರ್ಷವಾಗಿತ್ತು. ಅದಕ್ಕೆ ಮುಂಚೆ ಅದು ಕೊಯಮತ್ತೂರು ಜಿಲ್ಲೆ; ಯಳಂದೂರಿನ ಕಡೆಯ ನಮಗೆ ಎತ್ತಿನ ಗಾಡಿಯಲ್ಲಿ ಹೋಗಿ ಬರುವಷ್ಟು ಹತ್ತಿರದ ಪರರಾಜ್ಯ. ರಾಜ್ಯ ಬದಲಾದರೂ ಅಲ್ಲಿನ ಏಜೆಂಟರ ನಾಲಿಗೆ ಬದಲಾಗಿರಲಿಲ್ಲ. ರೇಷ್ಮೆ ಅಂಗಡಿಯೊಂದರ ಮಗ್ಗುಲ ಕೋಣೆಯಲ್ಲಿ ಬೆಂಚು ಹಾಕಿಕೊಂಡು ಕೂತಿದ್ದ ಒಬ್ಬಾತ ನೀಲಗಿರಿ ಕಡೆ ಸುರಂಗ ಕೊರೆಯುವ ಗುತ್ತಿಗೆ ಕೆಲಸಕ್ಕೆ ಆಳು ಕಳಿಸುತ್ತಿದ್ದ. ಎಲ್ಲರನ್ನೂ ತಮಿಳಿನಲ್ಲಿ ‘ತಂಬಿ’, ಅಂದರೆ ತಮ್ಮ, ಅನ್ನುತ್ತಿದ್ದ, ನರೆತ ಮೀಸೆಯ ನಮ್ಮಪ್ಪನನ್ನೂ ಸೇರಿಸಿ.

ನನಗಾಗ ಇಪ್ಪತ್ತು ತುಂಬಿರಲಿಲ್ಲ. ಅಣ್ಣಂದಿರು ತುಂಬಿದ್ದ ಮನೆ. ಗದ್ದೆಗೆ ನನ್ನ ಅಗತ್ಯ ಅಷ್ಟೇನೂ ಇರಲಿಲ್ಲ. ಉಣ್ಣುವ ಹೊತ್ತಿಗೆ ಮಾತ್ರ ನಾನಿದ್ದೇನೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಸುರಂಗದವರಿಗೆ ತಲೆಗೆ ಕಬ್ಬಿಣದ ಟೋಪಿ, ಕೈಗೆ ಬ್ಯಾಟರಿ ಕೊಡುತ್ತಾರಂತೆ ಎಂದು ಕೇಳಿ ಮರುಳಾದೆ.

ಏಜೆಂಟು ನಮ್ಮನ್ನೆಲ್ಲ ಒಬ್ಬ ಡಾಕ್ಟರ ಮುಂದೆ ಅಂಗಿ ಬಿಚ್ಚಿಸಿ ಸಾಲಾಗಿ ನಿಲ್ಲಿಸಿದ. ನನ್ನ ಮುಂದಿದ್ದವನು ನನಗಿಂತ ಏಳೆಂಟು ವರ್ಷ ದೊಡ್ಡವನಿರಬೇಕು. ಹುಬ್ಬಿನ ಮೇಲೆ ಸುಟ್ಟ ಗಾಯದ ಕಲೆ. ಟವೆಲನ್ನು ಬಾಯಿಗೊತ್ತಿಕೊಂಡು ಕೆಮ್ಮು ನುಂಗುತ್ತಿದ್ದ.

“ನಮ್ದು ರಾಮಾಪುರ್ದ ತಾವ ಕಣಪ್ಪ. ಪುಟ್ಟಮಾದ ಅಂತ,” ಎಂದು ತಾನೇ ಮಾತಿಗೆಳೆದ. “ಎಂಡ್ರು ಬಸ್ರಿ. ಈ ಕೆಲ್ಸ ಸಿಕ್ಬುಟ್ರೆ ಸಾಕು.” ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿನ್ಗೇನ್ಲಾ ಭಯ? ಎದೆ ನೋಡು, ಕದ ಇದ್ದಂಗದೆ!” ಎಂದು ನಕ್ಕ.

ಡಾಕ್ಟರು ಅವನ ಬೆನ್ನಿಗೆ ಕೊಳವೆಯಿಟ್ಟು ಕೇಳಿ, “ಉಸಿರು ಸರಿಯಿಲ್ಲ. ಆಗೋದಿಲ್ಲ, ನಡಿ,” ಅಂದರು. ಅವನು ವಾದ ಮಾಡಲಿಲ್ಲ. ಅಂಗಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಡಾಕ್ಟರು ನನ್ನ ಎದೆಗೆ ಎರಡು ಬಾರಿ ತಟ್ಟಿ, “ಸರಿ,” ಅಂದರು. ಆ ಎದೆಯನ್ನು ನಾನೇ ಕೂತು ಕಟ್ಟಿದ್ದೇನೋ ಎಂಬ ಹಮ್ಮಿನಲ್ಲಿ ಊರಿಗೆ ನಡೆದೆ.

ಲಾರಿ ಹೊರಡುವ ಹಿಂದಿನ ದಿನ ಕಾಲಿಗೆ ಜಾಲಿಮುಳ್ಳು ಹೊಕ್ಕಿತು. ಬೆಳಗಾಗುವುದರೊಳಗೆ ಪಾದ ಊದಿ ಕೀವಾಗಿತ್ತು. ನೆಲಕ್ಕೆ ಊರಲಾಗದೆ ಅಳುತ್ತಾ ಕೂತಿದ್ದವನಿಗೆ ಅಪ್ಪ, “ವಾಸಿ ಮಾಡ್ಕಳ್ಲಾ ಮೊದ್ಲು. ಸುರಂಗ ಎಲ್ಗೂ ಓಡೋಗಾಕಿಲ್ಲ,” ಅಂದ. ಲಾರಿ ನನ್ನನ್ನು ಬಿಟ್ಟು ಹೋಯಿತು. ಅಷ್ಟೇ ಎಂದುಕೊಂಡು ನಾನೂ ಮರೆತೆ.

ಮುಂದಿನ ಮುಂಗಾರಿನಲ್ಲಿ ಒಂದು ಮಧ್ಯಾಹ್ನ ಜಗುಲಿಯ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದೆ. ಬೀದಿಗೆ ಒಂದು ಲಾರಿ ಬಂತು. ಇಳಿದವನು ನನಗೆ ಗುರುತಿಲ್ಲದ ಒಬ್ಬ ಮೇಸ್ತ್ರಿ. ನನ್ನ ಹೆಸರು ಹೇಳಿ ಮನೆ ಯಾವುದೆಂದು ಕೇಳಿದ. ಅಪ್ಪ ಕೈ ಒರೆಸಿಕೊಳ್ಳುತ್ತಾ ಎದ್ದುಬಂದ.

“ಸುರಂಗ್ದೊಳ್ಗೆ ಕುಸ್ದು ಬಿದ್ಬುಟ್ಟ ಯಜಮಾನ್ರೇ. ಎದೆ ನಿಂತೋಯ್ತು. ನಿಮ್ ಮಗನ್ ಎಣ ತಂದಿವ್ನಿ.”

ಒಳಗಿದ್ದ ಅವ್ವನಿಗೆ ಅದು ಕೇಳಿಸಿತು. ಬಾಯಿ ಬಡಿದುಕೊಳ್ಳುತ್ತಾ ಓಡಿಬಂದಳು. ಆಗಷ್ಟೇ ತನ್ನ ಕೈಯಾರೆ ನನಗೆ ಸಾರು ಬಡಿಸಿ ಹೋದವಳು ನನ್ನನ್ನು ದಾಟಿ, ನನ್ನ ತಟ್ಟೆಯನ್ನೇ ದಾಟಿ, ಲಾರಿಗೆ ಓಡಿದಳು. “ಅವ್ವಾ, ಇಲ್ಲೇ ಇವ್ನಿ ಕಣವ್ವಾ!” ಎಂದು ಕಿರುಚಿದೆ. ಅವಳಿಗೆ ಕೇಳಿಸಲೇ ಇಲ್ಲ. ಹೆಣಕ್ಕೆ ಸುತ್ತಿದ್ದ ಒದ್ದೆ ಟಾರ್ಪಾಲನ್ನು ತಬ್ಬಿಕೊಂಡಿದ್ದವಳ ಭುಜ ಹಿಡಿದು ತಿರುಗಿಸಬೇಕಾಯಿತು. ಎರಡು ಕೈಯಲ್ಲೂ ನನ್ನ ಮುಖ ತಡವಿದಳು. ಆಮೇಲೆ ಕೆನ್ನೆಗೆ ಫಟಾರನೆ ಹೊಡೆದಳು. ಬದುಕಿದ್ದುದಕ್ಕೆ ಹೊಡೆತ ತಿಂದವನು ನಮ್ಮ ಹೋಬಳಿಯಲ್ಲಿ ನಾನೊಬ್ಬನೇ ಇರಬೇಕು.

ಅಪ್ಪ ಹಗ್ಗ ಬಿಚ್ಚಿ ಟಾರ್ಪಾಲು ಸರಿಸಿದ. ಹುಬ್ಬಿನ ಮೇಲೆ ಸುಟ್ಟ ಕಲೆ. ಮುದ್ದೆ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿ ಹತ್ತಿರ ಬಗ್ಗಿ ನೋಡಿದೆ.

“ಇವ್ನು ಪುಟ್ಟಮಾದ,” ಅಂದೆ.

ಮೇಸ್ತ್ರಿ ಒಪ್ಪಲಿಲ್ಲ. ಇವನದು ನನ್ನ ಹೆಸರೇ ಎಂದು ವಾದಿಸಿದ. “ಲಾರಿ ಅತ್ತೋ ದಿನ ಏಜೆಂಟು ಆ ಎಸ್ರು ಕೂಗ್ದ, ಇವ್ನು ಬಂದ. ದಿನಾ ಬೆಳಿಗ್ಗೆ ಆಜ್ರಿಲೂ ಅದ್ಕೇ ‘ಓ’ ಅಂತಿದ್ದ.”

ನಾನು ಜಗುಲಿಯಲ್ಲಿ ಮುದ್ದೆ ನುಂಗುತ್ತಿದ್ದ ದಿನಗಳಲ್ಲೆಲ್ಲ ನನ್ನ ಹೆಸರು ಆ ಕತ್ತಲಲ್ಲಿ ಕಲ್ಲು ಹೊತ್ತಿತ್ತು, ಕೆಮ್ಮಿತ್ತು. ಡಾಕ್ಟರು ‘ಸರಿ’ ಎಂದದ್ದು ನನ್ನ ಎದೆಗೆ. ಒಳಗೆ ಹೋದದ್ದು ಅವನದು.

ಸೇರಿದ್ದ ಜನರಲ್ಲಿ ಯಾರೋ, “ಯಾವ ಜನವೋ ಏನೋ, ನಮ್ಮೂರ್ ಮಣ್ಗೆ ಬ್ಯಾಡ,” ಎಂದು ಗೊಣಗಿದರು. ಅವ್ವ ಯಾರ ಮಾತಿಗೂ ಕಿವಿಗೊಡದೆ ಸೆರಗು ನೆನೆಸಿ ತಂದು ಆ ಮುಖ ಒರೆಸಿದಳು. “ನನ್ ಮಗ ಅಂತ ಬಾಗ್ಲಿಗ್ ಬಂದವ್ನೆ. ಅವ್ನ ಮನೆ ಮುಟ್ಟಿಸ್ಬುಟ್ ಬನ್ನಿ. ನೀನೂ ಓಗ್ಲಾ,” ಅಂದಳು.

ಅಪ್ಪ ಮುಂದೆ ಕೂತ. ನಾನು ಹಿಂದೆ, ಹೆಣ ಹೊರಳದಂತೆ ಟಾರ್ಪಾಲಿನ ಅಂಚು ಹಿಡಿದುಕೊಂಡು. ಕೊಳ್ಳೇಗಾಲದಲ್ಲಿ ಲಾರಿ ನಿಲ್ಲಿಸಿ ಅಪ್ಪ ಏಜೆಂಟನ ಮುಂದೆ ನಿಂತು ಕೂಗಾಡಿದ. ಆತ ಬೆಂಚಿನಿಂದ ಏಳಲೂ ಇಲ್ಲ. “ಪೇರು ಯಾವುದಾದ್ರೇನು ತಂಬಿ? ಒಂದು ಆಳು ಕಮ್ಮಿ ಇತ್ತು,” ಅಂದ. ಅಪ್ಪ ಬಂದು ಲಾರಿ ಹತ್ತಿದ.

ಹನೂರು ದಾಟಿ ರಾಮಾಪುರ ಸೇರಿದೆವು. ಬಸ್ಸು ನಿಲ್ಲುವಲ್ಲಿ ಕೇಳಿದರೆ ಊರಾಚೆಯ ಗುಡಿಸಲು ತೋರಿಸಿದರು. ಅವನ ಹೆಂಡತಿ ಮಗು ಎತ್ತಿಕೊಂಡು ಹೊರಗೆ ಬಂದಳು. ಅಳಲಿಲ್ಲ. ಟಾರ್ಪಾಲಿನ ಪಕ್ಕದಲ್ಲಿ ಕೂತು ನಾವು ಯಾರೆಂದು ಕೇಳಿದಳು. ಅಪ್ಪ ಹೇಳಿದ. ನಾನು ಮುಳ್ಳಿನ ಕಥೆ ಹೇಳಿದೆ, ತೊದಲುತ್ತಾ.

“ಮಗೀನ್ ನೋಡಾಕ್ ಬಂದಿದ್ದಾಗ ಅವ್ರೇ ಯೋಳಿದ್ರು,” ಅಂದಳು. “‘ಯಾರೋ ಹುಡ್ಗ ಬರ್ನಿಲ್ಲ ಕಣಮ್ಮಿ. ಅವ್ನ ಎಸ್ರು ಕೂಗ್ತಾನೇ ಇದ್ರು, ನಾನೋಗ್ಬುಟ್ಟೆ’ ಅಂತ.”

ಶಾಪ ಹಾಕುತ್ತಾಳೆಂದು ತಲೆ ತಗ್ಗಿಸಿದೆ. ಅವಳು ನನ್ನ ಪಾದದ ಕಡೆ ನೋಡಿ, “ಈಗ ವಾಸಿಯಾಯ್ತಾ ತಮ್ಮಾ?” ಎಂದು ಕೇಳಿದಳು.

ನಾನು ಆ ಪಾದವನ್ನು ಇನ್ನೊಂದರ ಹಿಂದೆ ಸರಿಸಿಕೊಂಡೆ.

ಅವಳಿಗೆ ಪರಿಹಾರವೆಂದು ಏನೂ ಬರಲಿಲ್ಲ. ಗುತ್ತಿಗೆಯವರ ಪುಸ್ತಕದಲ್ಲಿ ಸತ್ತಿದ್ದ ನಾನು ಬದುಕಿದ್ದೆ; ಸತ್ತ ಪುಟ್ಟಮಾದ ಅವರ ಲೆಕ್ಕದಲ್ಲಿ ಆ ಕೆಲಸಕ್ಕೇ ಹೋಗಿರಲಿಲ್ಲ. ಅಪ್ಪ ಅಲೆದಲೆದು ಸುಸ್ತಾದ. ಅವ್ವ ಮಾತ್ರ ಇರುವವರೆಗೂ ಪ್ರತಿ ಸುಗ್ಗಿಯಲ್ಲಿ ಅವರ ಮನೆಗೆ ರಾಗಿ ಹೊರಿಸಿಕೊಂಡು ಹೋಗಿ ಬರುತ್ತಿದ್ದಳು. ಅವಳು ಹೋದ ಮೇಲೆ ಆ ದಾರಿಯೂ ನಿಂತಿತು.

ಇಷ್ಟು ನೆನೆಯುವಷ್ಟರಲ್ಲಿ ಯಳಂದೂರಿನ ಬಸ್ಸು ಬಂದು ಹೋಗಿತ್ತು. ಅದರ ಜಾಗಕ್ಕೆ ರಾಮಾಪುರದ್ದು ಬಂದು ನಿಂತಿತು. ಹತ್ತಿದೆ.

“ರಾಮಾಪುರ್ದಲ್ಲಿ ಯಾರ್ ಮನೆ ಯಜಮಾನ್ರೇ?” ಎಂದು ಟಿಕೆಟು ಹರಿಯುತ್ತಾ ಕಂಡಕ್ಟರ್ ಕೇಳಿದ.

“ಪುಟ್ಟಮಾದನ ಮನೆ.”

“ಯಾವ್ ಪುಟ್ಟಮಾದ?”

“ನೀಲಗಿರಿ ಸುರಂಗದ ಕೆಲಸಕ್ಕೆ ಹೋಗಿದ್ದನಲ್ಲಪ್ಪ,” ಅಂದೆ, “ಆ ಪುಟ್ಟಮಾದ.”