ಕನೆಕ್ಟ್ ಆಗುತ್ತಿಲ್ಲ, ಸರಿ. ಯಾಕೆ ಅಂತ ಹೇಳಬಾರದೇ?

ಮಧ್ಯಾಹ್ನ ಮೂರರಿಂದ ಮೂರೂ ಹತ್ತು. ಆಸ್ಪತ್ರೆಯವರು ನನಗೆ ಕೊಟ್ಟಿದ್ದು ಅಷ್ಟೇ.

ಹಿಂದಿನ ಸಂಜೆ ಆಂಬುಲೆನ್ಸ್ ಬಂದು ನನ್ನ ಹೆಂಡತಿ ನಸೀಮಾಳನ್ನು ಕರೆದೊಯ್ದಿತ್ತು. ಕೋವಿಡ್. ಮೆಟ್ಟಿಲು ಇಳಿಯಲೂ ಉಸಿರು ಸಾಲುತ್ತಿರಲಿಲ್ಲ. ಬ್ಯಾಲಿನ್‌ಕೊಲಿಗ್ ಎಂಬ ಈ ಪರದೇಶದ ಊರಿನ ನಮ್ಮ ಮನೆಯಿಂದ ಆಸ್ಪತ್ರೆಗೆ ಕಾರಿನಲ್ಲಿ ಇಪ್ಪತ್ತೇ ನಿಮಿಷ. ಆದರೆ ನೋಡಲು ಹೋಗುವಂತಿಲ್ಲ. ವಿಡಿಯೊ ಕಾಲ್ ಮಾಡಲು ವಾರ್ಡಿನಲ್ಲಿ ಒಂದೇ ಟ್ಯಾಬ್ಲೆಟ್, ಎಲ್ಲರಿಗೂ ಸರದಿ. ಸರಿಯಾಗಿ ಮೂರಕ್ಕೆ ವಿಡಿಯೊ ಕಾಲ್‌ಗೆ ಬನ್ನಿ ಎಂದು ನರ್ಸ್ ಫೋನಿನಲ್ಲಿ ಹೇಳಿದ್ದರು.

ಮೂರಕ್ಕೆ ಎರಡು ನಿಮಿಷ ಇರುವಾಗ ಲ್ಯಾಪ್‌ಟಾಪ್ ತೆರೆದೆ. 'ಈ ನೆಟ್‌ವರ್ಕ್‌ಗೆ ಕನೆಕ್ಟ್ ಆಗಲು ಸಾಧ್ಯವಿಲ್ಲ.' ಮತ್ತೆ ಒತ್ತಿದೆ. ಅದೇ ಉತ್ತರ. ರೂಟರ್‌ನ ದೀಪ ಹಸಿರಾಗೇ ಇತ್ತು. ಆರಿಸಿ ಹಚ್ಚಿದೆ. (ನಾನು ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಎಂಜಿನಿಯರ್. ಗಾಬರಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ.) ಮತ್ತೆ ಅದೇ ಸಾಲು.

ಕೆಟ್ಟಿರುವುದು ಏನು? ಲ್ಯಾಪ್‌ಟಾಪೋ, ರೂಟರೋ, ಬೀದಿಯ ಕೇಬಲ್ಲೋ? ಅಥವಾ ಆ ಕಡೆಯೇ ಏನಾದರೂ ಆಗಿದೆಯೋ? ಕಾರಣ ಹೇಳದಿದ್ದರೆ ಮನಸ್ಸು ತಾನೇ ಒಂದನ್ನು ಆರಿಸಿಕೊಳ್ಳುತ್ತದೆ. ನನ್ನದು ಅತಿ ಕೆಟ್ಟದ್ದನ್ನೇ ಆರಿಸಿತು.

ಹನ್ನೊಂದು ವರ್ಷದ ಮಗಳು ಹನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಅಬ್ಬಾ, ಜಸ್ಟ್ ಯೂಸ್ ದ ಹಾಟ್‌ಸ್ಪಾಟ್. ಇಟ್'ಲ್ ಬಿ ಗ್ರ್ಯಾಂಡ್,” ಅಂದಳು. ಇಲ್ಲಿಯವರಿಗೆ 'ಗ್ರ್ಯಾಂಡ್' ಅಂದರೆ ಸರಿಹೋಗುತ್ತೆ ಅಂತ.

ಫೋನಿನ ಹಾಟ್‌ಸ್ಪಾಟ್‌ನಿಂದ ಕನೆಕ್ಟ್ ಆದಾಗ ಮೂರೂ ಏಳು. ಪರದೆಯಲ್ಲಿ ಆಕ್ಸಿಜನ್ ಮಾಸ್ಕ್, ಅದರ ಮೇಲೆ ನಸೀಮಾಳ ಕಣ್ಣು.

“ಯಾಕ್ರೀ ಇಷ್ಟೊತ್ತು?”

“ವೈಫೈ ಕನೆಕ್ಟ್ ಆಗ್ತಿರ್ಲಿಲ್ಲ ಕಣೇ.”

ಅವಳು ಎರಡು ಸಲ ಉಸಿರೆಳೆದುಕೊಂಡಳು. “ಪಾಸ್‌ವರ್ಡ್... ನಿನ್ನೆ ಬೆಳಗ್ಗೆ ನಾನೇ ಚೇಂಜ್ ಮಾಡ್ದೆ. ಹೇಳೋಕೆ ಮರ್ತೋಯ್ತು.”

ಉಳಿದ ಮೂರು ನಿಮಿಷದಲ್ಲಿ ಒಂದು ನಿಮಿಷ ಹೊಸ ಪಾಸ್‌ವರ್ಡ್ ಹೇಳುವುದಕ್ಕೇ ಹೋಯಿತು. ಅಷ್ಟು ಉಸಿರು ಅವಳ ಹತ್ತಿರ ಇರಲಿಲ್ಲ. ಸಾಕು ಬಿಡು ಅಂದರೂ ಕೇಳಲಿಲ್ಲ.

ಹನ್ನೆರಡನೇ ದಿನ ಮನೆಗೆ ಬಂದಳು. ಈಗ ಆರಾಮಾಗಿದ್ದಾಳೆ. ಆದರೆ ನನಗೆ ಆ ಸಾಲಿನ ಮೇಲಿನ ಸಿಟ್ಟು ಇಳಿದಿಲ್ಲ. ಲ್ಯಾಪ್‌ಟಾಪ್ ಹಳೆಯ ಪಾಸ್‌ವರ್ಡ್ ಕೊಟ್ಟಿತ್ತು, ರೂಟರ್ ಒಪ್ಪಿರಲಿಲ್ಲ. 'ಪಾಸ್‌ವರ್ಡ್ ಬದಲಾಗಿರಬಹುದು, ಹೊಸದನ್ನು ಹಾಕಿ' ಅನ್ನಲು ಏನಾಗಿತ್ತು?

ಆಫೀಸಿನ ಮೀಟಿಂಗ್‌ನಲ್ಲಿ ಇದನ್ನೇ ಎತ್ತಿದೆ. ಎಲ್ಲಿ ತಪ್ಪಿದೆ, ಈಗ ಏನು ಮಾಡಬೇಕು, ಇಷ್ಟಾದರೂ ನಮ್ಮ ಎರರ್ ಮೆಸೇಜ್‌ಗಳಲ್ಲಿ ಹೇಳೋಣ ಅಂದೆ. “ಜಾಸ್ತಿ ಹೇಳಿದ್ರೆ ಜನ ಹೆದರ್ಕೋತಾರೆ,” ಅಂದ ಮೈಸೂರಿನ ಸಹೋದ್ಯೋಗಿ. ಅವನನ್ನು ಬೈಯಲಾರೆ. 'ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ' ಎಂದು ನಾನೂ ಎಷ್ಟೋ ಸಲ ಬರೆದು ಕೈತೊಳೆದುಕೊಂಡವನೇ.

ಜನ ಹೆದರುತ್ತಾರೆಂದು ಕಾರಣವನ್ನೇ ಮುಚ್ಚಿಡುತ್ತೇವಲ್ಲ, ಕಾರಣ ಗೊತ್ತಿಲ್ಲದವನಿಗಿಂತ ಹೆಚ್ಚು ಹೆದರಿದವನನ್ನು ನೀವು ಎಲ್ಲಾದರೂ ನೋಡಿದ್ದೀರಾ?